ರೆಪ್ಪೆಯಿಲ್ಲದ ಕಣ್ಣು

ನಮ್ಮ ಹೆಂಗಸರಿಗೆ ಒಂದು ಅಭ್ಯಾಸವುಂಟು. ಒಳ್ಳೆಯದನ್ನೆಲ್ಲ ಅಟ್ಟಕ್ಕೇರಿಸುವುದು, ಹಾಳುಮೂಳನ್ನೆಲ್ಲ ಬಳಕೆಗೆ ಇಟ್ಟುಕೊಳ್ಳುವುದು. ಮದುವೆಯಲ್ಲಿ ಬಂದ ದಪ್ಪ ಸ್ಟೀಲಿನ ಡಬರಿ ಗೋಣಿಚೀಲದೊಳಗೆ ಅಟ್ಟದ ಮೇಲೆ. ಸೊಟ್ಟಗಾದ ಅಲ್ಯೂಮಿನಿಯಂ ಪಾತ್ರೆ ಒಲೆಯ ಮೇಲೆ. ಮೊಳಕಾಲ್ಮೂರು ಸೀರೆ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆಗೆ. ಬಣ್ಣ ಹೋದ ವಾಯಿಲ್ ಸೀರೆ ಮೈಮೇಲೆ. ಕೇಳಿದರೆ, "ಇರಲಿ ಬಿಡಿ, ಯಾವಾಗಲಾದರೂ ಬೇಕಾಗುತ್ತೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಯಾವಾಗಲಾದರೂ ಬರುವ ಹೊತ್ತಿಗೆ ಸೀರೆ ಮಡಿಕೆಯಲ್ಲೇ ಹರಿದಿರುತ್ತದೆ, ಉಡಬೇಕಾದವಳ ತಲೆ ನೆರೆತಿರುತ್ತದೆ.

ಇದು ಹೆಂಗಸರ ರೋಗ ಎಂದು ಬಹಳ ದಿನ ನಂಬಿಕೊಂಡಿದ್ದೆ. ಗಂಡಸರೂ ಇದಕ್ಕೆ ಕಡಿಮೆಯಿಲ್ಲ ಎಂದು ಗೊತ್ತಾಗಿದ್ದು ನಮ್ಮ ಚಿಕ್ಕಪ್ಪನ ಟ್ರಂಕು ತೆಗೆದಾಗ. ಅದರಲ್ಲಿದ್ದ ಒಂದು ಗಾಜಿನ ಕಣ್ಣಿಗಾಗಿ ನಾನು ನೆಂಟರಿಷ್ಟರ ಜೊತೆಗೆಲ್ಲ ಜಗಳ ಕಾಯ್ದಿದ್ದೇನೆ. ಇನ್ನೂ ಕಾಯುತ್ತಲೇ ಇದ್ದೇನೆ. ಆ ಜಗಳ ನಿಮ್ಮ ಮುಂದೆಯೂ ಇರಲಿ. ನ್ಯಾಯ ಯಾರ ಕಡೆಗಿದೆಯೆಂದು ನೀವೇ ಹೇಳುವಿರಂತೆ.

ಚಿಕ್ಕಪ್ಪ ಮಧುಗಿರಿಯಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಮಹಡಿಯ ಮೇಲೆ, ಛಾವಣಿಗೆ ಗಾಜು ಕೂರಿಸಿದ ಒಂದು ಕೋಣೆ. ನಡುವೆ ಕಾಲೂರಿ ನಿಂತ ದೊಡ್ಡ ಮರದ ಕ್ಯಾಮರಾ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಅದರ ಹೊಟ್ಟೆ, ಹಿಂದೆ ಮಸುಕು ಗಾಜು, ಅದರ ಮೇಲೆ ಹೊದೆಯಲು ಕರಿ ಬಟ್ಟೆ. ಹಾಫ್ ಪ್ಲೇಟ್ ಎಂದು ಕರೆಯುತ್ತಿದ್ದ, ಆರೂವರೆಗೆ ನಾಲ್ಕೂಮುಕ್ಕಾಲು ಇಂಚಿನ ಗಾಜಿನ ಮೇಲೆ ಚಿತ್ರ ಮೂಡಬೇಕು. ಚಿಕ್ಕಪ್ಪ ಬಟ್ಟೆಯೊಳಗೆ ತಲೆ ಹಾಕಿ ತೆಗೆದು, "ಅಲ್ಲಾಡಬೇಡಿ" ಎಂದು ಗದರಿಸಿ, ಲೆನ್ಸಿನ ಮುಚ್ಚಳ ತೆಗೆದು, "ಒಂದೂ..." ಎಂದು ಎಳೆದು ಎಣಿಸಿ, ಮತ್ತೆ ಮುಚ್ಚುತ್ತಿದ್ದರು. ಆ ಮುಚ್ಚಳವೇ ಅವರ ಶಟರು, ಅವರ ನಾಲಿಗೆಯೇ ಗಡಿಯಾರ. ನಮ್ಮೂರಿನ ಒಂದು ಇಡೀ ತಲೆಮಾರಿನ ಮದುಮಕ್ಕಳು ಆ "ಒಂದೂ" ಮುಗಿಯುವ ತನಕ ಉಸಿರು ಹಿಡಿದು ಕೂತವರು. ಆ ಕಾಲದ ಫೋಟೋಗಳಲ್ಲಿ ಎಲ್ಲರೂ ಸಿಟ್ಟಾದವರಂತೆ ಕಾಣುವುದಕ್ಕೆ ಕಾರಣ ಸಿಟ್ಟಲ್ಲ, ಉಸಿರು.

ಮೂರು ವರ್ಷದ ಹಿಂದೆ ಚಿಕ್ಕಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಚಿಕ್ಕಮ್ಮ, ಚಿಕ್ಕಪ್ಪನ ಮಗ, ನಾನು ಕೂತು ಟ್ರಂಕು ತೆಗೆದೆವು. ಗಾಜಿನ ಪ್ಲೇಟುಗಳ ಕೆಳಗೆ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ, ಸುಲಿದ ತೆಂಗಿನಕಾಯಿಯಷ್ಟು ದಪ್ಪದ ಒಂದು ಲೆನ್ಸು ಸಿಕ್ಕಿತು. ಕರಿ ಲೋಹದ ಮೈ, ಕಿಲೋ ಹತ್ತಿರದ ತೂಕ. ಒಳಗಿನ ಗಾಜು ಚಹದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಸುತ್ತಲೂ ಇಂಗ್ಲಿಷಿನಲ್ಲಿ ಬರೆದಿತ್ತು: ಕೊಡಕ್ ಏರೋ-ಎಕ್ಟಾರ್, 7 ಇಂಚು, ಎಫ್ 2.5.

"ಇದು ನಿಮ್ಮ ಚಿಕ್ಕಪ್ಪ ಬೆಂಗಳೂರು ಗುಜರೀಲಿ ತಂದಿದ್ದು ಕಣೆ. ನೀನು ಹುಟ್ಟೋಕೂ ಮುಂಚೆ" ಎಂದರು ಚಿಕ್ಕಮ್ಮ. "ವಿಮಾನದ್ದಂತೆ. ಇದಕ್ಕೆ ಶಟರ್ ಇಲ್ಲ, ಒಳ್ಳೇದು ಸಿಗಲಿ ಹಾಕ್ತೀನಿ ಅಂತಿದ್ರು. ಎಲ್ಲಿ ಹಾಕಿದ್ರು?"

ನೀನು ಹುಟ್ಟೋಕೂ ಮುಂಚೆ ಎಂಬ ಮಾತು ನನ್ನೊಳಗೆ ಮುಳ್ಳಿನ ಹಾಗೆ ನೆಟ್ಟಿತು. ಯಾಕೆಂದು ಹೇಳಬೇಕು.

ನನ್ನಮ್ಮನದು ಒಂದೇ ಒಂದು ಫೋಟೋ ಇದೆ. 1971ನೇ ಇಸವಿ, ನನಗೆ ಎಂಟು ತಿಂಗಳು. ಇದೇ ಸ್ಟುಡಿಯೋದಲ್ಲಿ, ಇದೇ ಚಿಕ್ಕಪ್ಪ ತೆಗೆದದ್ದು. ಕೆತ್ತನೆಯ ಕುರ್ಚಿ ಸ್ಪಷ್ಟವಾಗಿದೆ. ಪಕ್ಕದ ಮೇಜಿನ ಮೇಲಿನ ಕಾಗದದ ಹೂವು ಒಂದೊಂದೂ ಎಣಿಸುವ ಹಾಗಿದೆ. ಅಮ್ಮನ ಸೀರೆಯ ಅಂಚು, ನನ್ನ ಕಾಲಿನ ಗೆಜ್ಜೆ ಎಲ್ಲ ಇದೆ. ಚಿಕ್ಕಪ್ಪ "ಒಂದೂ" ಎನ್ನುವಾಗ ನಾನು ಅತ್ತೆನಂತೆ. ಅಮ್ಮ ನನ್ನ ಕಡೆಗೆ ತಿರುಗಿದಳು. ಕತ್ತಿನಿಂದ ಮೇಲಕ್ಕೆ ಹೊಗೆ. ಕಿವಿಯೋಲೆ ಇದ್ದ ಕಡೆ ಒಂದು ಬಿಳಿ ಗೀಟು. ಎರಡು ವರ್ಷದ ಮೇಲೆ ಅಮ್ಮ ಹೋದಳು. ಅವಳ ಮುಖ ಹೇಗಿತ್ತೆಂದು ನಾನು ಕೇಳಿದರೆ ಹಳಬರು ನನ್ನ ಮುಖವನ್ನೇ ದಿಟ್ಟಿಸಿ, "ಹೀಗೇ ಇತ್ತು ಅಂತಿಟ್ಕೊ" ಎನ್ನುತ್ತಾರೆ.

ಆ ಹೊತ್ತು, ಆ ಕುರ್ಚಿಯಿಂದ ಹತ್ತು ಮಾರು ದೂರದ ಟ್ರಂಕಿನಲ್ಲಿ ಈ ಲೆನ್ಸು ಪಂಚೆ ಹೊದ್ದು ಮಲಗಿತ್ತು. ನನ್ನ ತಕರಾರು ಇರುವುದು ಇದರ ಮೇಲೆ.

ತಕರಾರು ಅರ್ಥವಾಗಬೇಕಾದರೆ ಸ್ವಲ್ಪ ಲೆಕ್ಕ ಬೇಕು. ನಾನು ಬಿ.ಎ. ಬಿ.ಎಡ್. ಮಾಡಿ ಕನ್ನಡ, ಸಮಾಜ ಹೇಳಿಕೊಟ್ಟವಳು; ನನಗೆ ತಿಳಿದ ಲೆಕ್ಕ ನಿಮಗೆ ಕಷ್ಟವಾಗಲಾರದು. ಲೆನ್ಸಿನ ಮೇಲೆ ಬರೆದ ಎಫ್ ಅಂಕಿ ಅದರ ಬಾಯಿಯ ಅಗಲವನ್ನು ಹೇಳುತ್ತದೆ. 7 ಇಂಚಿನ ಲೆನ್ಸಿಗೆ ಎಫ್ 8 ಎಂದರೆ ಬಾಯಿ ಒಂದು ಇಂಚಿಗೂ ಕಡಿಮೆ. ಎಫ್ 2.5 ಎಂದರೆ ಹತ್ತಿರ ಹತ್ತಿರ ಮೂರು ಇಂಚು. ಒಳಕ್ಕೆ ನುಗ್ಗುವ ಬೆಳಕು ಹತ್ತು ಪಟ್ಟು. ಎಫ್ 8ರಲ್ಲಿ ಒಂದು ಸೆಕೆಂಡು ಬೇಕಾಗುವ ಚಿತ್ರ ಇದರಲ್ಲಿ ಸೆಕೆಂಡಿನ ಹತ್ತರಲ್ಲೊಂದು ಪಾಲಿಗೆ ಮುಗಿಯುತ್ತದೆ. ಅಳುವ ಮಗುವಿನ ಕಡೆ ತಾಯಿ ಪೂರ್ತಿ ತಿರುಗುವುದರೊಳಗೆ ಮುಗಿಯುತ್ತದೆ.

ಆದರೆ ಇಲ್ಲೇ ತೊಡಕಿರುವುದು. ಒಂದು ಸೆಕೆಂಡು ಮುಚ್ಚಳ ತೆಗೆದು ಹಾಕುವುದು ಕೈಯಿಂದ ಆದೀತು. ಹತ್ತರಲ್ಲೊಂದು ಸೆಕೆಂಡು ಯಾರ ಕೈಯಿಂದಾದೀತು? ಕಣ್ಣು ದೊಡ್ಡದಾದಷ್ಟೂ ರೆಪ್ಪೆ ಚುರುಕಾಗಬೇಕು. ಆ ರೆಪ್ಪೆಯೇ ಶಟರು. ವಿಮಾನದ ಲೆನ್ಸುಗಳಲ್ಲಿ ಅದಿರುವುದಿಲ್ಲವೆಂದಲ್ಲ. ಇಂಥದರಲ್ಲಿ ಅದು ಕ್ಯಾಮರಾದ ಒಳಗೆ, ಫಿಲ್ಮಿನ ಮುಂದೆ ಪರದೆಯಾಗಿ ಇರುತ್ತಿತ್ತು. ಯುದ್ಧ ಮುಗಿದ ಮೇಲೆ ಕ್ಯಾಮರಾ ಒಂದು ಕಡೆ, ಲೆನ್ಸು ಒಂದು ಕಡೆ ಆಯಿತು. ಗುಜರಿಗೆ ಬಂದದ್ದು ರೆಪ್ಪೆಯಿಲ್ಲದ ಕಣ್ಣು.

ಇದು ಎಲ್ಲಿಂದ ಬಂತೆಂದು ನೋಡಿದರೆ ಕಥೆ ದೊಡ್ಡದು. ಲೆನ್ಸಿನ ನಂಬರಿನ ಮೊದಲಿಗೆ ಇಂಗ್ಲಿಷಿನ 'ಇ' ಅಕ್ಷರ ಎರಡು ಸಲ ಇದೆ. ನಮ್ಮ ಹಿರಿಯರು ಕಟಪಯಾದಿ ಎಂದು ಅಕ್ಷರಗಳಲ್ಲಿ ಅಂಕಿ ಅಡಗಿಸುತ್ತಿದ್ದರಲ್ಲ, ಕೊಡಕ್ ಕಂಪನಿಯವರೂ ಹಾಗೆಯೇ ಮಾಡಿದ್ದರು. 'ಕ್ಯಾಮರಾಸಿಟಿ' ಎಂಬ ಹತ್ತು ಅಕ್ಷರದ ಒಂದು ಪದ ಕಟ್ಟಿ, ಮೊದಲ ಅಕ್ಷರಕ್ಕೆ 1, ಎರಡನೆಯದಕ್ಕೆ 2, ಹೀಗೆ ಕೊನೆಯದಕ್ಕೆ ಸೊನ್ನೆ. 'ಇ' ನಾಲ್ಕನೆಯ ಅಕ್ಷರ. ಎರಡು 'ಇ' ಎಂದರೆ 44. ನಮ್ಮ ಲೆನ್ಸು 1944ರಲ್ಲಿ ಹುಟ್ಟಿದ್ದು. ರಾತ್ರಿ ವಿಮಾನದಿಂದ ಹೊಳಪಿನ ಬಾಂಬು ಬೀಳಿಸಿ, ಆ ಒಂದು ಕ್ಷಣದ ಬೆಳಕಿನಲ್ಲಿ ಶತ್ರುವಿನ ನೆಲದ ಚಿತ್ರ ಹಿಡಿಯಲೆಂದು ಇದಕ್ಕೆ ಇಷ್ಟು ದೊಡ್ಡ ಬಾಯಿ ಕೊಟ್ಟರು. ಬೆಂಗಳೂರಿಗೂ ಆ ಯುದ್ಧಕ್ಕೂ ನಂಟಿತ್ತು. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಕೈಗೆ ಹೋಗಿ, ಅವರ ವಿಮಾನಗಳು ಅಲ್ಲಿ ರಿಪೇರಿಯಾಗುತ್ತಿದ್ದವು. ಯುದ್ಧ ಮುಗಿದ ಮೇಲೆ ಅವರು ಬಿಟ್ಟುಹೋದದ್ದೆಲ್ಲ ಡಿಸ್ಪೋಸಲ್ ಸಾಮಾನಾಗಿ ದೇಶದ ತುಂಬ ಹರಿದಾಡಿತು.

ಈಗ ನನ್ನ ಎದುರಾಳಿಗಳ ವಿಷಯಕ್ಕೆ ಬರುತ್ತೇನೆ.

ಮೊದಲನೆಯವನು ಚಿಕ್ಕಪ್ಪನ ಮಗ. ಒಳ್ಳೆಯ ಹುಡುಗ. ಬೆಂಗಳೂರಿನಲ್ಲಿ ಹಳೆಯ ಸಾಮಾನು ಕೂಡಿಡುವವರೊಬ್ಬರನ್ನು ವಿಚಾರಿಸಿಕೊಂಡು ಬಂದ. "ಅಕ್ಕಾ, ಹೆಚ್ಚುಕಮ್ಮಿ ನಿನ್ನ ಒಂದು ತಿಂಗಳ ಸಂಬಳದಷ್ಟು ಕೊಡ್ತಾರೆ. ಗಾಜಿನ ಷೋಕೇಸ್ ಮಾಡಿಸಿ, ಕೆಳಗಡೆಯಿಂದ ಲೈಟು ಬಿಟ್ಟು ಇಡ್ತಾರಂತೆ. ಅಪ್ಪನ ಹೆಸರೂ ಬರೆಸ್ತಾರಂತೆ" ಎಂದ. ನಾನು ಕೇಳಿದೆ, "ಅದರಲ್ಲಿ ಫೋಟೋ ತೆಗೀತಾರೇನೋ?" "ಅಯ್ಯೋ, ಅದನ್ನು ಮುಟ್ಟೋಕೂ ಬಿಡಲ್ಲ ಅಕ್ಕ" ಎಂದ, ಹೆಮ್ಮೆಯಿಂದ.

ನೋಡಿ, ಗುಜರಿಯವನು ತೂಗುತ್ತಾನೆ, ಷೋಕೇಸಿನವನು ಪೂಜಿಸುತ್ತಾನೆ, ನಮ್ಮ ಚಿಕ್ಕಪ್ಪ ಬಚ್ಚಿಟ್ಟರು. ಮೂವರೂ ಬೇರೆ ಬೇರೆ ಎಂದು ನೀವು ತಿಳಿದರೆ ತಪ್ಪು. ಮೂವರೂ ಅದಕ್ಕೆ ಕೆಲಸ ಕೊಡಲಿಲ್ಲ. ದುಡಿಯಲು ಹುಟ್ಟಿದ ವಸ್ತುವನ್ನು ದುಡಿಯಗೊಡದಿರುವುದು ಮರ್ಯಾದೆಯಲ್ಲ. ಓದಿದ ಸೊಸೆಯನ್ನು ಕೆಲಸಕ್ಕೆ ಕಳಿಸದೆ, "ನಮ್ಮ ಮನೆ ಲಕ್ಷ್ಮಿ" ಎಂದು ನಡುಮನೆಯಲ್ಲಿ ಕೂರಿಸುವವರನ್ನು ನಾವು ಕಂಡಿಲ್ಲವೆ? ಇದೂ ಅದೇ ಜಾತಿಯದು.

ಆದರೆ ಚಿಕ್ಕಮ್ಮನಿಗೆ ಹಣ ಬೇಕಿತ್ತು, ಅದು ಸುಳ್ಳಲ್ಲ. ಹಾಗಾಗಿ ಅವರು ಹೇಳಿದ ಬೆಲೆಯನ್ನೇ ನಾನು ಕೊಟ್ಟೆ. ಎರಡು ಬಳೆ ಮಾಡಿಸಬೇಕೆಂದು ಕೂಡಿಟ್ಟಿದ್ದ ದುಡ್ಡು ಹೋಯಿತು. ಮನೆಯಲ್ಲಿ ನಮ್ಮ ಯಜಮಾನರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಐವತ್ತೈದಕ್ಕೆ ಬಂತಾ ಈ ಹುಚ್ಚು?" ಎಂದರು. ಇಪ್ಪತ್ತೈದಕ್ಕೆ ಬಂದಿದ್ದರೆ ನೀವು ಬಿಡುತ್ತಿದ್ದಿರಾ ಎಂದು ಕೇಳಿದೆ. ಮತ್ತೆ ಎರಡು ದಿನ ಮಾತು ನಿಂತಿತು.

ಎರಡನೆಯ ಎದುರಾಳಿ ನಮ್ಮ ಭಾವನವರು. ಮೊಬೈಲಿನಲ್ಲಿ ಏನೋ ಓದಿಕೊಂಡು ಬಂದು, "ಇದರಲ್ಲಿ ವಿಕಿರಣ ಇದೆ, ಮನೆಯಲ್ಲಿಟ್ಟರೆ ವಂಶನಾಶ, ಕೆರೆಗೆ ಎಸೆಯಿರಿ" ಎಂದು ಕೂಗಾಡಿದರು. ಅವರು ಓದಿದ್ದರಲ್ಲಿ ಅರ್ಧ ನಿಜ. ಈ ಲೆನ್ಸಿನ ಹಿಂಭಾಗದ ಗಾಜಿನಲ್ಲಿ ಥೋರಿಯಂ ಬೆರೆಸಿದ್ದಾರೆ. ಬೆಳಕನ್ನು ಹೆಚ್ಚು ಬಗ್ಗಿಸುವ ಗಾಜು ಬೇಕಾಗಿ ಹಾಗೆ ಮಾಡಿದರು. ಡಿಕಾಕ್ಷನ್ ಬಣ್ಣ ಬಂದದ್ದೂ ಅದರಿಂದಲೇ. ಆದರೆ ಭಾವನವರ ಮದುವೆಯ ದಿಬ್ಬಣ ಹೊರಟದ್ದು ಯಾವ ಬೆಳಕಿನಲ್ಲಿ? ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ. ಅದರ ಬಿಳಿ ಮ್ಯಾಂಟಲ್ ಇತ್ತಲ್ಲ, ಹೊತ್ತಿಸಿದರೆ ಬೂದಿಯ ಗೂಡಾಗಿ ಬೆಳಗುತ್ತಿದ್ದದ್ದು, ಆ ಕಾಲದಲ್ಲಿ ಅದೂ ಥೋರಿಯಂನದೇ. ಕೇರಳದ ಕಡಲ ತೀರದ ಮರಳಿನಲ್ಲಿ ಥೋರಿಯಂ ಇದೆ. ಅಲ್ಲಿ ಊರುಗಳಿವೆ, ಮಕ್ಕಳಿದ್ದಾರೆ.

ಹಾಗೆಂದು ಎಚ್ಚರ ಬೇಡವೆಂದಲ್ಲ. ಈ ಗಾಜನ್ನು ಉಜ್ಜಬಾರದು, ಕೊರೆಯಬಾರದು, ಅದರ ಪುಡಿ ಒಳಗೆ ಹೋಗಬಾರದು. ದಿಂಬಿನ ಪಕ್ಕ ಇಟ್ಟು ಮಲಗಬಾರದು. ಭೂತಗನ್ನಡಿಯ ಹಾಗೆ ಕಣ್ಣಿಗೆ ಹಿಡಿದು ಹೊತ್ತು ಕಳೆಯಬಾರದು. ಕ್ಯಾಮರಾಕ್ಕೆ ಹಾಕಿದಾಗ ನೋಡುವವರ ಕಣ್ಣು ಹೇಗೂ ಮಸುಕು ಗಾಜಿನ ಆಚೆ, ಮೊಳ ದೂರದಲ್ಲಿರುತ್ತದೆ. ಅಡಿಗೆಮನೆಯಲ್ಲಿ ಬೆಂಕಿ, ಕತ್ತಿ, ಕುಕ್ಕರು, ಗ್ಯಾಸು ಇಟ್ಟುಕೊಂಡು ದಿನ ಕಳೆಯುವ ನಮಗೆ ಎಚ್ಚರದ ಪಾಠ ಹೇಳಿಕೊಡಬೇಕೆ? ಅಪಾಯದ ವಸ್ತುವನ್ನು ಕೆರೆಗೆ ಎಸೆಯುವುದು ಎಚ್ಚರವಲ್ಲ, ಅದು ಕೆರೆಯ ನೀರು ಕುಡಿಯುವವರ ಮೇಲೆ ಹೊಣೆ ಹೊರಿಸುವುದು.

ಕಂದು ಬಣ್ಣ ತೆಗೆಯುವುದಕ್ಕೂ ದಾರಿಯುಂಟು. ಬಿಸಿಲು. ಸೂರ್ಯನ ನೇರಳಾತೀತ ಕಿರಣ ಬಿದ್ದರೆ ಆ ಬಣ್ಣ ವಾರಗಟ್ಟಲೆಯಲ್ಲಿ ತಿಳಿಯಾಗುತ್ತಾ ಬರುತ್ತದೆ. ಕಿಟಕಿ ಗಾಜಿನ ಒಳಗಿಟ್ಟರೆ ತಡ, ಬಯಲಲ್ಲೇ ಇಡಬೇಕು. ಚೈತ್ರ ವೈಶಾಖದ ಮಧುಗಿರಿ ಬಿಸಿಲು ನಿಮಗೆ ಗೊತ್ತಲ್ಲ, ಬಂಡೆಯೂ ಬೆವರುವಂಥದ್ದು. ನಾನು ತಾರಸಿಯ ಮೇಲೆ ಒಂದು ಕಡೆ ಸಂಡಿಗೆ, ಒಂದು ಕಡೆ ಹಪ್ಪಳ, ನಡುವೆ ಕಲ್ಲುಚಪ್ಪಡಿಯ ಮೇಲೆ ಲೆನ್ಸು ಇಟ್ಟು, ಕೊಡೆ ಹಿಡಿದು ಕಾವಲು ಕೂತೆ. ಕಾಗೆಗೆ ಹೆದರಿ ಅಲ್ಲ. ಲೆನ್ಸಿನ ಕೆಳಗೆ ಬಟ್ಟೆ, ಕಾಗದ ಸಿಕ್ಕರೆ ಹೊತ್ತಿಕೊಂಡೀತು ಎಂದು. ಸಂಡಿಗೆ ಮೂರು ದಿನಕ್ಕೆ ಒಣಗಿತು. ಲೆನ್ಸು ತಿಳಿಯಾಗಲು ಒಂದೂವರೆ ತಿಂಗಳು ಬೇಕಾಯಿತು.

ಇನ್ನು ರೆಪ್ಪೆ. ಇಲ್ಲಿ ಮೂರನೆಯ ಎದುರಾಳಿಗಳು ಬರುತ್ತಾರೆ, ತಿಳಿದವರು. "ಇದಕ್ಕೆ ಸರಿಯಾದ ಶಟರ್ ಸಿಗೋಲ್ಲ ಮೇಡಂ, ಬಿಟ್ಟುಬಿಡಿ" ಎಂದರು ಒಬ್ಬರು. ಅವರು ಹೇಳಿದ ಲೆಕ್ಕ ಸರಿಯೇ. ದೊಡ್ಡ ಕ್ಯಾಮರಾಗಳಿಗೆ ಹಾಕುವ ದಳದಳವಾಗಿ ತೆರೆಯುವ ಶಟರುಗಳಲ್ಲಿ ಜಪಾನಿನ ಕೊಪಾಲ್ 3 ಎಂಬುದು ದೊಡ್ಡದು. ಅದರ ಬಾಯಿ 45 ಮಿಲಿಮೀಟರು. ನಮ್ಮ ಲೆನ್ಸಿನ ಬಾಯಿ 71. ಇದರ ಮುಂದೆ ಅದನ್ನಿಟ್ಟರೆ ಸುಮಾರು ಐದರಲ್ಲಿ ಎರಡು ಪಾಲು ಬೆಳಕು ಮಾತ್ರ ಒಳಗೆ ಹೋದೀತು. ಇನ್ನೊಬ್ಬರು, ಲೆನ್ಸನ್ನೇ ಬಿಚ್ಚಿ, ಅದರ ಲೋಹದ ಮೈಯನ್ನು ಕತ್ತರಿಸಿ ಶಟರು ತೂರಿಸಿಬಿಡಿ ಎಂದರು. ಸೊಸೆ ಬಾಗಿಲಿಗಿಂತ ಎತ್ತರ ಎಂದು ಅವಳ ಕಾಲು ಕತ್ತರಿಸುವ ಬುದ್ಧಿ ಇದು. ಒಮ್ಮೆ ಕತ್ತರಿಸಿದರೆ ಮುಂದೆ ಇದಕ್ಕಿಂತ ಒಳ್ಳೆಯ ಉಪಾಯ ಬಲ್ಲವರು ಬಂದಾಗ ಅವರಿಗೆ ಉಳಿಯುವುದೇನು? ನಾವು ಮಾಡುವ ಏರ್ಪಾಟು ಮತ್ತೊಬ್ಬರು ಬಿಚ್ಚಿ ಸರಿಮಾಡುವ ಹಾಗೆ ಇರಬೇಕು. ಇದು ನನ್ನ ಹಟ.

ಸರಿಯಾದದ್ದು ಸಿಗುವ ತನಕ ಕಾಯುವ ಕೆಲಸವನ್ನು ಚಿಕ್ಕಪ್ಪ ಅರ್ಧ ಶತಮಾನ ಮಾಡಿ ಮುಗಿಸಿದ್ದರು. ನಾನು ಇರುವುದರಲ್ಲಿ ಹುಡುಕಿದೆ. ಸ್ಟುಡಿಯೋದ ಮೂಲೆಯಲ್ಲೇ ಸಿಕ್ಕಿತು. ಇಂಗ್ಲೆಂಡಿನ ಥಾರ್ನ್‌ಟನ್ ಪಿಕಾರ್ಡ್ ಕಂಪನಿಯವರು ಮಾಡುತ್ತಿದ್ದ ಸುರುಳಿ ಪರದೆಯ ಶಟರು, ಯಾವುದೋ ದೊಡ್ಡ ಕ್ಯಾಮರಾದ್ದು. ಮರದ ಚೌಕ ಪೆಟ್ಟಿಗೆ, ಒಳಗೆ ಸ್ಪ್ರಿಂಗಿನ ಉರುಳೆ, ಅದಕ್ಕೆ ಸುತ್ತಿದ ಕರಿ ಬಟ್ಟೆ. ಬಟ್ಟೆಯ ನಡುವೆ ಒಂದು ಕಿಂಡಿ. ದಾರ ಎಳೆದರೆ ಪರದೆ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ರಬ್ಬರ್ ಬುಗ್ಗೆ ಹಿಸುಕಿದರೆ ಕಿಂಡಿ ಸರ್ರೆಂದು ಕೆಳಗೆ ಓಡುತ್ತದೆ. ಓಡುವಷ್ಟು ಹೊತ್ತೂ ಬೆಳಕು. ಮೈಮೇಲೆ ಹದಿನೈದರಲ್ಲೊಂದರಿಂದ ತೊಂಬತ್ತರಲ್ಲೊಂದು ಸೆಕೆಂಡಿನವರೆಗೆ ಗುರುತು. ಚಿಕ್ಕಪ್ಪ ಇದನ್ನು ಕೈಬಿಟ್ಟದ್ದು ಯಾಕೆಂದರೆ ಬಟ್ಟೆ ಲಡ್ಡಾಗಿತ್ತು. ಅಷ್ಟೇ. ಒಂದು ಗೇಣು ಬಟ್ಟೆ!

ಓದುವ ಅಕ್ಕಂದಿರೇ, ಇಲ್ಲಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಮನೆಯಲ್ಲಿ ಹೊಲಿಗೆ ಮೆಷಿನ್ ಇತ್ತು. ಊರವರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದ ಚಿಕ್ಕಮ್ಮ ಇದ್ದರು. ಅವರನ್ನು ಒಂದು ಮಾತು ಕೇಳಬೇಕೆಂದು ಚಿಕ್ಕಪ್ಪನಿಗೆ ಯಾವತ್ತೂ ಹೊಳೆಯಲಿಲ್ಲ. ಕ್ಯಾಮರಾ ಗಂಡಸರ ಯಂತ್ರ, ಬಟ್ಟೆ ಹೆಂಗಸರ ಕೆಲಸ. ಎರಡೂ ಒಂದೇ ಪೆಟ್ಟಿಗೆಯೊಳಗಿದ್ದರೂ ಒಂದಕ್ಕೊಂದು ಮಾತಾಡಲಿಲ್ಲ.

ಚಿಕ್ಕಮ್ಮನೂ ನಾನೂ ಕೂತೆವು. ಮೊದಲು ಕೊಡೆ ಬಟ್ಟೆ ಹಾಕಿ ನೋಡಿದೆವು. ಬಿಸಿಲಿಗೆ ಹಿಡಿದರೆ ನಕ್ಷತ್ರಗಳಂತೆ ತೂತು. ಆಮೇಲೆ ಫೋಟೋದವರು ಕತ್ತಲೆ ಚೀಲಕ್ಕೆ ಬಳಸುವ ಬಟ್ಟೆ ತರಿಸಿದೆವು. ಚಿಕ್ಕಮ್ಮ ಮುತುವರ್ಜಿಯಿಂದ ಅಂಚು ಹೊಲಿದರು. ಸೂಜಿ ಹೋದ ಕಡೆಯೆಲ್ಲ ಬೆಳಕು ಬಂತು. ಹೊಲಿಗೆ ಬಿಚ್ಚಿ, ಸೈಕಲ್ ಪಂಕ್ಚರಿಗೆ ಹಾಕುವ ಸಲ್ಯೂಷನ್ನಿನಿಂದ ಅಂಟಿಸಿದೆವು. ಕಿಂಡಿಯ ಎರಡು ಬದಿಯ ಪಟ್ಟಿಗೆ ಹೊಸ ಲಂಗದ ಲಾಡಿ. ನಾಲ್ಕನೆಯ ಸಲಕ್ಕೆ ಪರದೆ ಸೆಟೆಯದೆ ಓಡಿತು.

ಲೆನ್ಸನ್ನು ಆ ಪೆಟ್ಟಿಗೆಯ ಮುಂದೆ ನಿಲ್ಲಿಸುವುದಕ್ಕೆ ಒಂದು ಬಳೆ ಬೇಕಿತ್ತು. ಕೊಳವೆಬಾವಿ ಮೋಟಾರುಗಳ ಬುಷ್ ಕಡೆಯುವ ಲೇತ್ ಅಂಗಡಿಗೆ ಹೋದೆ. ನೀರಿಲ್ಲದ ನಮ್ಮ ಸೀಮೆಯಲ್ಲಿ ಅವರಿಗೆ ಬಿಡುವಿರುವುದಿಲ್ಲ. ಯಜಮಾನರು ಲೆನ್ಸನ್ನು ಕೈಯಲ್ಲಿ ತಿರುಗಿಸಿ, "ಮೇಡಮ್ಮೋರೆ, ಇದು ಯಾವ ಪಂಪಿಂದು?" ಎಂದರು. ಹೇಳಿದೆ. ವರ್ನಿಯರ್ ಹಿಡಿದು ಮೂರು ಕಡೆ ಅಳೆದರು. ಎರಡು ಹೋಳಾಗಿ ಬಿಚ್ಚುವ, ತಿರುಪು ಬಿಗಿದರೆ ಲೆನ್ಸಿನ ಸೊಂಟ ಹಿಡಿಯುವ ಅಲ್ಯೂಮಿನಿಯಂ ಬಳೆಯೊಂದನ್ನು ಕಡೆದುಕೊಟ್ಟರು. ಗೀರು ಬೀಳದಂತೆ, ಬೆಳಕೂ ನುಸುಳದಂತೆ ಒಳಗೆ ಕರಿ ಉಣ್ಣೆಯ ಪಟ್ಟಿ. ಭಾರಕ್ಕೆ ಕ್ಯಾಮರಾದ ಮುಂಭಾಗ ಬಾಗುತ್ತಿತ್ತು. ಕೆಳಗೊಂದು ಮರದ ಊರೆ ಕೊಟ್ಟೆವು. ನನ್ನ ಎರಡು ಬಳೆಯ ದುಡ್ಡು ಹೀಗೆ ಕೊನೆಗೂ ಬಳೆಗೇ ಹೋಯಿತು.

ಸ್ಪ್ರಿಂಗಿಗೆ ವಯಸ್ಸಾಗಿದೆ, ಅದರ ಮೇಲೆ ಬರೆದ ವೇಗ ನಂಬುವಂತಿಲ್ಲ. ಇಲ್ಲಿ ನನಗೆ ನೆರವಾದದ್ದು ಮೊಬೈಲು. ಸೆಕೆಂಡಿಗೆ 240 ಚಿತ್ರ ಹಿಡಿಯುವ ನಿಧಾನ ವಿಡಿಯೋದಲ್ಲಿ ಪರದೆಯ ಓಟ ಹಿಡಿದು, ಕಿಂಡಿ ತೆರೆದಿರುವ ಚಿತ್ರಗಳನ್ನು ಮಕ್ಕಳಿಂದ ಎಣಿಸಿದೆ. ಹದಿನೈದರಲ್ಲೊಂದು ಎಂದು ಬರೆದ ಕಡೆ 16 ಬರಬೇಕಿತ್ತು. ಹತ್ತು ಸಲ ನೋಡಿದಾಗಲೂ 22ರಿಂದ 26ರ ಒಳಗೆ ಬಂತು. 24 ಎಂದಿಟ್ಟುಕೊಳ್ಳಿ. 240ರಲ್ಲಿ 24. ಸೆಕೆಂಡಿನ ಹತ್ತರಲ್ಲೊಂದು. ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

"ಮೊಬೈಲ್ ಇರೋವಾಗ ಇದೆಲ್ಲ ಯಾಕೆ ಮಿಸ್?" ಎಂದು ಕೇಳುವವರು ನಾಲ್ಕನೆಯ ಗುಂಪು. ಮೊಬೈಲಿನ ಮೇಲೆ ನನಗೆ ಜಗಳವಿಲ್ಲ. ಆದರೆ ಮೊಬೈಲು ಎಲ್ಲವನ್ನೂ ತಾನೇ ಮಾಡಿ, ಮಕ್ಕಳಿಗೆ ಏನನ್ನೂ ಹೇಳುವುದಿಲ್ಲ. ಈ ಪೆಟ್ಟಿಗೆ ಏನನ್ನೂ ಬಚ್ಚಿಡುವುದಿಲ್ಲ. ಕಣ್ಣು ಇಲ್ಲಿ, ರೆಪ್ಪೆ ಇಲ್ಲಿ, ಚಿತ್ರ ಇಲ್ಲಿ. ನಮ್ಮ ಶಾಲೆಯ ಹೆಣ್ಣುಮಕ್ಕಳು ಕರಿ ಬಟ್ಟೆಯೊಳಗೆ ತಲೆ ಹಾಕಿ, "ಮಿಸ್, ಬೆಟ್ಟ ತಲೆಕೆಳಗಾಗಿದೆ!" ಎಂದು ಕಿರುಚಿದಾಗ ಪಾಠ ಅರ್ಧ ಮುಗಿದಂತೆ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ (1913–2012) ಸೀರೆಯುಟ್ಟು ಹೊತ್ತು ತಿರುಗಿದ್ದು ಸ್ಪೀಡ್ ಗ್ರಾಫಿಕ್ ಎಂಬ ದೊಡ್ಡ ಕ್ಯಾಮರಾವನ್ನೇ. ಅದರ ಹಿಂಭಾಗದಲ್ಲೂ ಇಂಥದೇ ಬಟ್ಟೆಯ ಪರದೆ. ಅಮೆರಿಕದ ಡೇವಿಡ್ ಬರ್ನೆಟ್ ಎಂಬ ಪತ್ರಿಕಾ ಛಾಯಾಗ್ರಾಹಕ ಇದೇ ಏರೋ-ಎಕ್ಟಾರನ್ನು ಸ್ಪೀಡ್ ಗ್ರಾಫಿಕ್ಕಿಗೆ ಸಿಕ್ಕಿಸಿ, 2004ರ ಅಧ್ಯಕ್ಷ ಚುನಾವಣೆಯ ಪ್ರಚಾರಕ್ಕೆ ಹೊತ್ತೊಯ್ದರು. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿನಿಯೊಬ್ಬಳು, "ಹಾಗಾದ್ರೆ ನಾವು ಮಾಡಿದ್ದು ತಪ್ಪೇನಲ್ಲ" ಎಂದಳು. ತಪ್ಪಲ್ಲವೆಂದು ತಿಳಿಯಲು ನಮ್ಮ ಹುಡುಗಿಯರಿಗೆ ಯಾರಾದರೂ ಮುಂದೆ ಹೋಗಿರಬೇಕು. ಅದಕ್ಕೇ ನಾನು ಹೋದದ್ದು.

ಇನ್ನೊಂದು ಬಗೆಯವರಿದ್ದಾರೆ. ಅವರು ನನ್ನ ಕಡೆಯವರೇ, ಆದರೂ ಹೇಳದೆ ಬಿಡಲಾರೆ. ಈ ಲೆನ್ಸಿನ ಬಾಯಿ ಪೂರ್ತಿ ತೆರೆದರೆ ಆರೇಳು ಅಡಿ ದೂರದ ಮುಖದಲ್ಲಿ ನಾಲ್ಕು ಬೆರಳಿನಷ್ಟು ಆಳ ಮಾತ್ರ ಸ್ಪಷ್ಟ. ಕಣ್ಣು ಸರಿಯಾದರೆ ಕಿವಿ ಕರಗುತ್ತದೆ, ಹಿಂದಿನದೆಲ್ಲ ಬೆಣ್ಣೆ. ಆ ಮಸುಕಿಗೇ ಮರುಳಾಗಿ, ಮಸುಕೇ ಕಲೆ ಎನ್ನುವವರಿದ್ದಾರೆ. ನನಗೆ ಆ ಷೋಕಿ ಬೇಡ. ನನ್ನಮ್ಮನ ಮುಖದ ಮಸುಕು ಕಲೆಯಲ್ಲ. ಅದು ಒಂದು ಗೇಣು ಬಟ್ಟೆಯ ಕೊರತೆ.

ಮೊದಲ ಚಿತ್ರ ಯಾರದೆಂದು ಕೇಳುತ್ತೀರಿ. ಲೇತ್ ಅಂಗಡಿಯ ಯಜಮಾನರ ಕಿರಿಯ ಸೊಸೆ, ಅವಳ ತೊಡೆಯ ಮೇಲೆ ಎಂಟು ತಿಂಗಳ ಗಂಡುಮಗು. ಅದೇ ಕೆತ್ತನೆಯ ಕುರ್ಚಿ. ಎಕ್ಸ್‌ರೇ ಫಿಲ್ಮನ್ನು ಕೆಂಪು ದೀಪದಲ್ಲಿ ನಾಲ್ಕು–ಐದು ಇಂಚಿಗೆ ಕತ್ತರಿಸಿ ಹಾಕಿದ್ದೆ. ಐದಿಂಚು ಚದರದ ಚಿತ್ರಕ್ಕೆಂದು ಮಾಡಿದ ಈ ಲೆನ್ಸು ಹಾಫ್ ಪ್ಲೇಟಿನ ಮೂಲೆಗಳನ್ನು ಪೂರ್ತಿ ಬೆಳಗಿಸಲಾರದು. ಎಕ್ಸ್‌ರೇ ಫಿಲ್ಮಿಗೆ ಎರಡು ಮೈಗೂ ಮದ್ದಿರುತ್ತದೆ, ಬೇಗ ಗೀರು ಬೀಳುತ್ತದೆ. ಹಾಲಿನ ಕೆನೆ ಎತ್ತುವ ಹಾಗೆ ಹಿಡಿಯಬೇಕು. ಬುಗ್ಗೆ ಹಿಸುಕುವಾಗ ಮಗು ಕೈ ಬೀಸಿತು. ತಾಯಿ ಅದರ ಕಡೆ ಕತ್ತು ಹೊರಳಿಸಿದಳು. ನನ್ನ ಎದೆ ಧಸಕ್ಕೆಂದಿತು. ಕತ್ತಲೆ ಕೋಣೆಯಲ್ಲಿ ನೋಡಿದರೆ ಮಗುವಿನ ಕೈ ಹೊಗೆಯಾಗಿತ್ತು. ತಾಯಿಯ ಮುಖ ಇತ್ತು. ರೆಪ್ಪೆ, ಮೂಗುಬೊಟ್ಟು, ತುಟಿಯ ಮೇಲಿನ ಬೆವರು, ಎಲ್ಲ ಇತ್ತು. ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮ ಬಹಳ ಹೊತ್ತು ನೋಡಿ, "ಅವರು ಒಂದು ಮಾತು ಕೇಳಬಹುದಿತ್ತು" ಎಂದರು. ಅಷ್ಟೇ ಹೇಳಿದರು.

ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕು. ಬೆಟ್ಟಗಳೇ ಬೆಟ್ಟಗಳು, ಕೋಟೆಗಳೇ ಕೋಟೆಗಳು. ಹಂಪೆಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಚಿತ್ರ ಹಿಡಿದಿಟ್ಟಿದ್ದರಿಂದ, 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಏನು ಉಳಿದಿದೆ, ಏನು ಬಿದ್ದಿದೆ ಎಂದು ಎರಡನ್ನೂ ಇಟ್ಟು ನೋಡಬಹುದು. ನಮ್ಮ ನಿಡುಗಲ್ ದುರ್ಗದ ಗೋಡೆಗಳಿಗೆ ಅಂಥ ಸಾಕ್ಷಿ ನಮ್ಮ ಮಕ್ಕಳೇ ಯಾಕಾಗಬಾರದು? ಆಕಾಶದಿಂದ ನೆಲ ನೋಡಲು ಮಾಡಿದ ಲೆನ್ಸಿಗೆ ದೂರದ ನೋಟವೇ ಹುಟ್ಟುಗುಣ. ಈ ಚಳಿಗಾಲದಲ್ಲಿ ಪಾವಗಡದ ಬಸ್ಸಿಗೆ ಕ್ಯಾಮರಾ ಏರಿಸಬೇಕೆಂದಿದ್ದೇವೆ. ಬೆಟ್ಟ ಅಲುಗುವುದಿಲ್ಲ, ಅದಕ್ಕೆ ಮುಚ್ಚಳವೂ ಸಾಕು ಎನ್ನುತ್ತೀರಿ. ನಿಜ. ಆದರೆ ಬೆಟ್ಟದ ಬುಡದಲ್ಲಿ ಕುರಿ ಕಾಯುವವಳು ಅಲುಗುತ್ತಾಳೆ. ಆ ಚಿತ್ರದಲ್ಲಿ ಅವಳೂ ಇರಬೇಕು.

ಚಿಕ್ಕಪ್ಪನ ಮಗ ಈಗಲೂ ಫೋನು ಮಾಡುತ್ತಾನೆ. ಷೋಕೇಸಿನವರು ಬೆಲೆ ಏರಿಸಿದ್ದಾರಂತೆ. ಅವನಿಗೆ ನಾನು ಹೇಳಿದ್ದು ಇಷ್ಟೆ: ನಾನು ಸತ್ತ ಮೇಲೆ ಇದು ಶಾಲೆಯ ಮಕ್ಕಳ ಕೈಗೆ ಹೋಗುತ್ತದೆ. ಕೈ ಜಾರಿ ಬಿದ್ದು ಒಡೆದರೂ ಚಿಂತೆಯಿಲ್ಲ, ಕೆಲಸ ಮಾಡುತ್ತಾ ಒಡೆಯಲಿ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಸಲ ಅಟ್ಟ ಹತ್ತಿ, ತಾಯಿ. ಏನು ಮಲಗಿದೆ ನೋಡಿ. ಅದಕ್ಕೆ ಬೇಕಾಗಿರುವುದು ಬರೀ ಒಂದು ಗೇಣು ಬಟ್ಟೆ ಇರಬಹುದು.